ಸೋಮಾರಿಗಂಬದ ಗುಡ್ಡ

ಮುಳ್ಳುಗೆರೆಯ ಮೂಡಲಿಗಿರುವ ಬೋಳುಗುಡ್ಡವನ್ನು ಹತ್ತಿದರೆ ನೆತ್ತಿಯ ಮೇಲೆ ಒಂಟಿ ಕಲ್ಲುಕಂಬವೊಂದು ನಿಂತಿದೆ. ಅದರ ತಲೆಯ ಮೇಲೆ ಯಾವ ಭಾರವೂ ಇಲ್ಲ. ಸುತ್ತಲಿನವರು ಇದನ್ನು ಸೋಮಾರಿಗಂಬದ ಗುಡ್ಡ ಎನ್ನುತ್ತಾರೆ. ಹೊಸಬರು ಹೆಸರು ಕೇಳಿ ನಗುವುದುಂಟು; ಊರಿನವರು ನಗುವುದಿಲ್ಲ.

ಹಿಂದೆ ಒಮ್ಮೆ ಈ ಸೀಮೆಯನ್ನಾಳುತ್ತಿದ್ದ ಬಿಲ್ಲಪ್ಪನಾಯಕನು ದಾರಿಹೋಕರಿಗೆ ನೆರಳಾಗಲೆಂದು ಇಲ್ಲಿ ಮಂಟಪ ಕಟ್ಟಿಸಿದನಂತೆ. ಎರಡು ಸಾಲಿನಲ್ಲಿ ಆರು ಕಂಬ, ಮೇಲೆ ಒಂದೇ ಹಾಸುಬಂಡೆ. ಕಟ್ಟಿದವನು ವೀರೋಜನೆಂಬ ಹೆಸರಾಂತ ಕಲ್ಲುಕುಟಿಗ. ಆದರೆ ಮೂಡಣ ಸಾಲಿನ ನಡುಗಂಬ ಕೂದಲೆಳೆಯಷ್ಟು ಗಿಡ್ಡವಾಗಿಬಿಟ್ಟಿತು. ಬಂಡೆಗೂ ಕಂಬಕ್ಕೂ ನಡುವೆ ಜನ ನೂಲು ತೂರಿಸಿ, 'ವೀರೋಜನ ಸೋಮಾರಿ' ಎಂದು ಆಡಿಕೊಳ್ಳತೊಡಗಿದರು. ಆ ಮಾತು ಅವನ ಎದೆಯಲ್ಲಿ ಮುಳ್ಳಾಗಿ ಕೂತಿತು. ಕೆಲ ವರ್ಷಗಳ ಮೇಲೆ ನಾಯಕನ ಕೋಟೆಬಾಗಿಲಿಗೆ ಕಂಬವೊಂದು ಬೇಕಾದಾಗ ಅವನೇ ಮುಂದಾಗಿ, "ಗುಡ್ಡದ ಮೇಲೊಂದು ಸುಮ್ಮನೆ ನಿಂತಿದೆ ಒಡೆಯಾ, ಅದನ್ನೇ ತರಿಸುತ್ತೇನೆ" ಎಂದನು. ವೀರೋಜನ ಮಗಳು ಚೆನ್ನಾಜಿಗೆ ಇದು ಸರಿಬರಲಿಲ್ಲ. "ಇರಲಿ ಬಿಡಪ್ಪ. ಉಳಿದವು ಗಟ್ಟಿಯಿರೋ ತನಕ ಅದು ಸೋಮಾರಿ. ಒಂದು ಕುಸಿದ ದಿನ ಹೆಗಲು ಕೊಡೋದು ಅದೇ ಅಲ್ವಾ?" ಎಂದಳು. "ನಾನು ನಿಲ್ಲಿಸಿದ ಕಂಬ ಕುಸಿಯೋದಿಲ್ಲ" ಎಂದು ವೀರೋಜ ಮಾತು ಮುಗಿಸಿದನು. ಕಂಬ ಕಿತ್ತರು. ಬಂಡೆ ಅಲುಗಲಿಲ್ಲ. ಬಹಳ ಕಾಲದ ಮೇಲೆ ಅಂದು ಅವನು ನಗುನಗುತ್ತಾ ಉಂಡನಂತೆ.

ಮರುವರ್ಷ ಮುಂಗಾರು ಬಿಡದೆ ಸುರಿಯಿತು. ಮೂಡಣ ಸಾಲಿನ ಮೂಲೆಗಂಬದ ಬುಡದ ಮಣ್ಣು ಕೊಚ್ಚಿಹೋದದ್ದು ಯಾರ ಕಣ್ಣಿಗೂ ಬೀಳಲಿಲ್ಲ. ಸೌದೆಗೆ ಹೋಗಿದ್ದ ಹೆಂಗಸರು ಮಳೆಗೆ ಹೆದರಿ ಮಂಟಪ ಹೊಕ್ಕಿದ್ದರು; ಅವರೊಳಗೆ ಚೆನ್ನಾಜಿಯೂ ಇದ್ದಳು. ಮೂಲೆಗಂಬ ಜಾರಿತು. ಆತುಕೊಳ್ಳಲು ಪಕ್ಕದಲ್ಲಿ ನಡುಗಂಬವಿಲ್ಲದೆ ಬಂಡೆ ಉಳಿದ ಕಂಬಗಳನ್ನೂ ಕೆಡವಿಕೊಂಡು ಒಮ್ಮೆಗೇ ಆ ಕಡೆಗೆ ಮಗುಚಿತು. ಅದನ್ನೆತ್ತುವ ಶಕ್ತಿ ಊರಿನ ಗಂಡಸರಿಗಾಗಲಿ ಎತ್ತುಗಳಿಗಾಗಲಿ ಇರಲಿಲ್ಲ. ಅಡಿಯಿಂದ ದನಿಗಳು ಸಂಜೆಯವರೆಗೂ ಕೇಳುತ್ತಿದ್ದವು ಎನ್ನುತ್ತಾರೆ.

ವೀರೋಜನು ನಾಯಕನ ಮುಂದೆ ನಿಂತು, "ನನ್ನ ಕಂಬ ಕೊಡಿಸಿ" ಎಂದಷ್ಟೇ ಕೇಳಿದನು. ನಾಯಕನು ಬಾಗಿಲಿನಿಂದ ಅದನ್ನು ಬಿಡಿಸಿಕೊಟ್ಟನು. ಕಂಬವನ್ನು ಬಂಡೆಯ ಮಗ್ಗುಲಲ್ಲಿ ನೆಟ್ಟ ಮೇಲೆ ವೀರೋಜ ಮತ್ತೆ ಉಳಿ ಹಿಡಿಯಲಿಲ್ಲ. ಗುಡ್ಡಕ್ಕೆ ಚೆನ್ನಾಜಿಯ ಹೆಸರಿಡೋಣವೆಂದು ಊರವರು ಅಂದಾಗ ಅವನು ಒಪ್ಪಲಿಲ್ಲವಂತೆ. "ನೀವೂ ನಾನೂ ಕರೆದ ಹೆಸರೇ ಇರಲಿ. ಯಾಕೆ ಅಂತ ಕೇಳಿದವರಿಗೆ ಹೇಳಿ" ಎಂದನಂತೆ.

ಆ ಬಂಡೆ ಈಗಲೂ ಒಂದಂಚು ಮೇಲೆತ್ತಿಕೊಂಡು ಓರೆಯಾಗಿ ಬಿದ್ದಿದೆ. ಆ ಅಂಚಿನಡಿ ನಾಲ್ಕು ಜನ ಕೂರುವಷ್ಟು ತಾವಿದೆ. ಆದರೂ ಎಂಥ ಜಡಿಮಳೆ ಬಂದರೂ ಕುರಿಗಾಹಿಗಳು ಅತ್ತ ಹೋಗದೆ, ಕಂಬಳಿ ಹೊದ್ದು ಬಯಲಲ್ಲೇ ನೆನೆಯುತ್ತ ನಿಂತಿರುವುದನ್ನು ಕಾಣಬಹುದು.