ಲಿಂಗ ಮರಳಿಸಲು ಬಂದ ನೇಕಾರ

ಹಳ್ಳದಮಠದ ಪೂಜ್ಯ ಶ್ರೀ ಶಾಂತಮಲ್ಲ ಶಿವಯೋಗಿಗಳು ಪೀಠದ ಮೇಲೆ ಕುಳಿತದ್ದನ್ನು ಕಂಡವರು ಕಡಿಮೆ. ಅವರ ದರ್ಶನ ಬೇಕಾದವರು ನೇರವಾಗಿ ದಾಸೋಹದ ಪಡಸಾಲೆಗೆ ಹೋಗಬೇಕಿತ್ತು. ಅಲ್ಲಿ ತೇಪೆ ಹಾಕಿದ ಕಾವಿಯುಟ್ಟು, ಓಣಿಯ ಹೆಣ್ಣುಮಕ್ಕಳ ಜೊತೆ ತಾವೂ ಒಂದು ಮೊರ ಹಿಡಿದು ಜೋಳ ಹಸನು ಮಾಡುತ್ತಾ ಕುಳಿತಿರುತ್ತಿದ್ದರು. ಪರವೂರಿನವರು ಅವರನ್ನೇ "ಅಜ್ಜಾರು ಎಲ್ಲಿದ್ದಾರ್ರೀ?" ಎಂದು ಕೇಳಿದ್ದೂ ಉಂಟು. ಪೂಜ್ಯರು ನಕ್ಕು, "ಕೂಡ್ರಿ, ಸಿಗ್ತಾರ" ಎಂದು ಅವರ ಮುಂದೆಯೂ ಒಂದು ಮೊರ ಸರಿಸುತ್ತಿದ್ದರು!

ಒಂದು ಶ್ರಾವಣದ ಮುಂಜಾನೆ ನೇಕಾರರ ಓಣಿಯ ಸಂಗನಬಸಪ್ಪ ಅಲ್ಲಿಗೆ ಬಂದ. ಬಂದವನು ಅಡ್ಡಬೀಳಲಿಲ್ಲ. ಕೊರಳಿನ ಶಿವದಾರ ಬಿಚ್ಚಿ, ಲಿಂಗವಿದ್ದ ಬೆಳ್ಳಿಯ ಕರಡಿಗೆಯನ್ನು ಎರಡೂ ಕೈಯಲ್ಲಿ ಹಿಡಿದು ಪೂಜ್ಯರ ಮುಂದೆ ಚಾಚಿದ.

"ಇದನ್ನ ನೀವಽ ಇಟ್ಕೊಳ್ರಿ ಅಜ್ಜಾರ. ನಾ ಇದಕ್ಕ ಯೋಗ್ಯ ಅಲ್ಲ."

ಕುಳಿತಿದ್ದ ಹೆಣ್ಣುಮಕ್ಕಳು ಹೌಹಾರಿದರು. ಗುರು ಕಟ್ಟಿದ ಲಿಂಗವನ್ನು ಉಸಿರಿರುವ ತನಕ ಮೈಯಿಂದ ಅಗಲಿಸುವುದಿಲ್ಲ. ಅದನ್ನು ಬಿಡುವುದೂ ಒಂದೇ, ಜೀವ ಬಿಡುವುದೂ ಒಂದೇ. ಹಾಗೆಂದು ಬಂದವನೇನು ನಾಸ್ತಿಕನೇ? ಅಯ್ಯೋ, ಎಂಥ ನಿಷ್ಠೆಯ ಮನುಷ್ಯ! ಲಿಂಗಪೂಜೆಯಾಗದೆ ಒಂದು ದಿನವೂ ಬಾಯಿಗೆ ಹನಿ ನೀರು ಹಾಕಿದವನಲ್ಲ.

ಅವನ ಮನೆಯ ಸಂಗತಿ ಊರಿಗೆಲ್ಲ ಗೊತ್ತಿತ್ತು. ಹೆಂಡತಿ ನೀಲವ್ವನಿಗೆ ಲಕ್ವ ಹೊಡೆದು ಅರ್ಧ ಮೈ ಬಿದ್ದುಹೋಗಿತ್ತು, ನೆನಪೂ ಅಳಿಸಿಹೋಗಿತ್ತು. ಮಕ್ಕಳಿಲ್ಲ. ಎತ್ತುವುದು, ತೊಳೆಯುವುದು, ಅಂಬಲಿ ಕುಡಿಸುವುದು ಎಲ್ಲ ಅವನೇ. ಕುಡಿಸಿದ್ದನ್ನು ಆಕೆ ಅವನ ಮುಖಕ್ಕೇ ಉಗುಳುವಳು. "ಕಳ್ಳ ಬಂದಾನ, ನನ್ನ ಗಂಡನ್ನ ಕರೀರಿ" ಎಂದು ಚೀರುವಳು. ಅವನು ಮಗ್ಗದ ಕುಣಿಗೆ ಇಳಿದು ಒಂದಿಷ್ಟು ನೇಯುವಷ್ಟರಲ್ಲಿ ಮತ್ತೆ ಕೂಗು. ಓಣಿಯವರು ಬಾಗಿಲಲ್ಲಿ ನಿಂತು "ಶರಣ ಅಂದ್ರ ಇಂವ ನೋಡ್ರಿ" ಎಂದು ಹೊಗಳಿ, ತಮ್ಮ ತಮ್ಮ ಮನೆಗೆ ನಡೆಯುತ್ತಿದ್ದರು. ಹೊಗಳಿದರೆ ಯಾರಪ್ಪನ ಗಂಟು ಹೋಗುತ್ತದೆ! ಒಳಗೆ ಬಂದು ಒಂದು ಗಳಿಗೆ ಕುಳಿತವರು ಮಾತ್ರ ಯಾರೂ ಇಲ್ಲ.

ಪೂಜ್ಯರು ಕರಡಿಗೆಗೆ ಕೈ ಒಡ್ಡಲಿಲ್ಲ. "ಯಾಕಪಾ?" ಎಂದಷ್ಟೇ ಕೇಳಿದರು.

"ಹಗಲೆಲ್ಲಾ ಹೊಲಸು ಬಳಿಯೂ ಕೈರೀ ಇವು. ಈ ಮೈಲಿಗಿ ಕೈಯಾಗ ಲಿಂಗ ಹ್ಯಾಂಗ ಹಿಡೀಲಿ?"

"ಲಿಂಗ ಕಟ್ಟಿದವಗ ಎಲ್ಲೀ ಮೈಲಿಗಿ? ನಿನಗೂ ಗೊತ್ತೈತಿ ಅದು. ಖರೇ ಮಾತು ಹೇಳು."

ಸಂಗನಬಸಪ್ಪ ಹೆಣ್ಣುಮಕ್ಕಳತ್ತ ನೋಡಿದ. ಪೂಜ್ಯರು ಕಣ್ಸನ್ನೆ ಮಾಡಿದರು. ಹೆಣ್ಣುಮಕ್ಕಳು ಎದ್ದು ಹೊರಗೆ ಹೋದರು. ಅವನು ಇದ್ದಲ್ಲೇ ಕುಸಿದ.

"ನಿನ್ನೆ ಅಂಗೈಮ್ಯಾಲ ಲಿಂಗ ಇಟ್ಕೊಂಡು ಕುಂತಿದ್ದೆರೀ. ಆಕಿ ಒದರಾಕ ಹತ್ತಿದ್ಲು. ದೇವಾ, ಇಕಿ ಸಾಯಲಿ ಅಂತ ಬೇಡಿದೆ. ನನ್ನ ನೀಲಿ, ಅಜ್ಜಾರ! ಪೂಜಿಗೆ ಕುಂತು ಆಕಿ ಸಾವು ಬೇಡಿದೆ."

ಪೂಜ್ಯರು ಮೊರವನ್ನು ಕೆಳಗಿಟ್ಟರು. ಅವನ ಕೆಂಪಾದ ಕಣ್ಣುಗಳನ್ನು ನೋಡಿದರು.

"ನೆನಪು ಮಾಡಿ ಹೇಳು, ತಮ್ಮಾ. ಆಕಿ ಸಾಯಲಿ ಅನ್ನೂದಿತ್ತೋ, ನನಗೊಂದೀಟು ನಿದ್ದಿ ಸಿಗಲಿ ಅನ್ನೂದಿತ್ತೋ?"

ಆ ಮಾತು ಕೇಳಿದ್ದೇ ತಡ, ಗಂಡಸು ಬಿಕ್ಕಿ ಬಿಕ್ಕಿ ಅತ್ತ. "ನಿದ್ದೀರಿ ಅಜ್ಜಾರ... ನಿದ್ದಿ."

"ಹಂಗಾರ ಮಲಗು." ತಮ್ಮ ಕಂಬಳಿಯನ್ನು ತಾವೇ ಕೊಡವಿ ಹಾಸಿದರು. "ಲಿಂಗ ನಿನ್ನ ಹತ್ರಽ ಇರಲಿ. ಕೊಡೂದು ಬಿಡೂದು ಎದ್ದ ಮ್ಯಾಲ ನೋಡೂಣು. ನೀಲವ್ವನ ಹತ್ರ ನಾ ಹೊಕ್ಕೀನಿ."

ಬೇಡ ಎನ್ನುವ ಶಕ್ತಿಯೂ ಅವನಲ್ಲಿ ಉಳಿದಿರಲಿಲ್ಲ. ಕರಡಿಗೆಯನ್ನು ಎದೆಗವಚಿಕೊಂಡು ಒರಗಿದವನಿಗೆ ಎಚ್ಚರವಾದಾಗ ದೀಪ ಹಚ್ಚುವ ಹೊತ್ತು. ಎದ್ದವನೇ ಬಿದ್ದೆನೋ ಎದ್ದೆನೋ ಎಂದು ಮನೆಗೆ ಓಡಿದ.

ಬಾಗಿಲ ಮುಂದೆ ಓಣಿಗೆ ಓಣಿಯೇ ಕೈಮುಗಿದು ನಿಂತಿತ್ತು. ಒಳಗೆ ನೀಲವ್ವ ಒಗೆದ ಸೀರೆಯಲ್ಲಿ ನಿದ್ದೆ ಹೋಗಿದ್ದಳು. ಮಂಚದ ಬದಿಗೆ ನೆಲದ ಮೇಲೆ ಪೂಜ್ಯರು. ಕಾವಿಯ ತುಂಬ ಅಂಬಲಿ.

"ನನಗೂ ಕಳ್ಳ ಅಂದಳಪಾ," ಎಂದರು. "ಮೂರ್ಹೊತ್ತು ಉಗುಳಿದಳು. ನನಗೂ ಸಿಟ್ಟು ಬಂತು."

ಸಂಗನಬಸಪ್ಪ ದಂಗಾದ. ಊರೆಲ್ಲ ಪಾದ ಮುಟ್ಟುವ ಶಿವಯೋಗಿಗಳಿಗೆ ಸಿಟ್ಟೇ! "ನಿಮಗ... ಸಿಟ್ಟ್ರೀ?"

"ಬಂತು. ಲಿಂಗಕ್ಕ ಹೇಳಿದೆ, ಹೋತು. ಮತ್ತ ಬಂತು, ಮತ್ತ ಹೇಳಿದೆ." ಪೂಜ್ಯರು ಮೆಲ್ಲನೆ ಎದ್ದರು. "ನೀ ಬರೇ ಚಲೋ ಮಾತು ತಗೊಂಡು ಲಿಂಗದ ಮುಂದ ಕುಂದರಾಂವ. ಕೆಟ್ಟದ್ದು ಬಂದ್ರ ಯಾರ ಮುಂದ ಹೇಳ್ತಿ, ಹುಚ್ಚಪ್ಪಾ?"

ಸಂಗನಬಸಪ್ಪ ಆ ಪಾದಗಳ ಮೇಲೆ ಬಿದ್ದ. ಎದ್ದು ಸ್ನಾನ ಮಾಡಿ ಬಂದು, ಕರಡಿಗೆ ಬಿಚ್ಚಿ ಲಿಂಗವನ್ನು ಅಂಗೈಗೆ ತಂದುಕೊಂಡ. ಆ ಸಂಜೆ ಮಂತ್ರ ನಾಲಗೆಗೆ ಬರಲಿಲ್ಲ. ದಣಿವು, ಸಿಟ್ಟು, ನೀಲವ್ವನ ಮೇಲಿನ ಹಂಬಲ, ಬೇಡಬಾರದ್ದನ್ನು ಬೇಡಿದ್ದು, ಒಂದೂ ಬಿಡದೆ ಒಪ್ಪಿಸಿದ. ಮುಗಿದಾಗ ಎದೆ ಹಗುರಾಗಿತ್ತು. ಶಿವದಾರವನ್ನು ತಾನೇ ಕೊರಳಿಗೆ ಕಟ್ಟಿಕೊಂಡ.

ಹೊಸ್ತಿಲು ದಾಟುತ್ತಾ ಪೂಜ್ಯರು ಓಣಿಯವರತ್ತ ತಿರುಗಿದರು. "ಕೈ ಮುಗದದ್ದು ಸಾಕು. ನಾಳಿಂದ ಇವನ ಪೂಜಿ ಹೊತ್ತಿಗೆ ಸರತಿ ಮ್ಯಾಲ ಬಂದು ಆಕಿ ಹತ್ರ ಕುಂದರ್ರಿ." ಮರುದಿನ ಮುಂಜಾನೆ ಎದುರುಮನೆಯ ಗೌರವ್ವ ಎಲ್ಲರಿಗಿಂತ ಮೊದಲು ಬಂದಿದ್ದಳು.

ನೀಲವ್ವ ಆಮೇಲೂ ಹಲವು ವರ್ಷ ಬದುಕಿದ್ದಳು. ಗಂಡನ ಗುರುತು ಆಕೆಗೆ ಕಡೆತನಕ ಹತ್ತಲಿಲ್ಲ. ಸಂಗನಬಸಪ್ಪನಿಗೆ ಸಿಟ್ಟು ಬರುವುದೇನೂ ನಿಲ್ಲಲಿಲ್ಲ. ಬಂದದ್ದನ್ನು ಲಿಂಗದ ಮುಂದೆ ಇಳಿಸಿ, ಬರಿಗೈಯಲ್ಲಿ ಆಕೆಯ ಬಳಿ ಹೋಗುವುದನ್ನು ಕಲಿತ. ಆಕೆ ಲಿಂಗೈಕ್ಯಳಾದ ಮೇಲೆ, ಊರಿನಲ್ಲಿ ಯಾರ ಮನೆಯಲ್ಲಿ ಯಾರು ಹಾಸಿಗೆ ಹಿಡಿದರೂ ಕರೆಯುವ ಮೊದಲೇ ಅವನು ಬಾಗಿಲಲ್ಲಿರುತ್ತಿದ್ದ. ಉಪದೇಶವಿಲ್ಲ, ಸಮಾಧಾನದ ಮಾತಿಲ್ಲ. ರೋಗಿಯನ್ನು ನೋಡಿಕೊಳ್ಳುವವರ ಕೈಯಿಂದ ಅಂಬಲಿಯ ಬಟ್ಟಲು ಇಸಿದುಕೊಂಡು, "ನೀ ಹೋಗಿ ಮಲಕ್ಕೋ, ನಾ ಕುಂದರ್ತೀನಿ" ಎನ್ನುತ್ತಿದ್ದ.