ಓಲೆಕಾರನ ಹಿತ್ತಾಳೆ ಕೊಂಡಿ

"ಗುರುಗಳೇ, ದುಃಖವನ್ನು ಬಿಡು ಎಂದರೆ ಮನುಷ್ಯ ಯಾಕೆ ಬಿಡುವುದಿಲ್ಲ?"

ಕೇಳಿದವನು ಚನ್ನವೀರ. ಮಠಕ್ಕೆ ಬಂದು ನಾಲ್ಕು ವರ್ಷವಾಗಿತ್ತು. ಚೆನ್ನಾಗಿ ಓದಿಕೊಂಡಿದ್ದ.

ಗುರುಗಳು ಹರಿದ ಕಂಬಳಿ ಹೊಲಿಯುತ್ತಿದ್ದರು. ತಲೆ ಎತ್ತಲಿಲ್ಲ. "ಯಾರು ಬಿಡಲಿಲ್ಲ?" ಎಂದರು.

"ಕೆಳಗಿನ ಕೇರಿಯ ನೇಕಾರ ರಾಚಪ್ಪ. ಹೆಂಡತಿ ತೀರಿಕೊಂಡು ಒಂದು ತಿಂಗಳಾಯಿತು. ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟುಕೊಂಡು ಕೂತಿರುತ್ತಾನೆ. ನೇಯುವುದಿಲ್ಲ. ಯಾರಾದರೂ ತಟ್ಟೆ ತಂದಿಟ್ಟರೆ ಎರಡು ತುತ್ತು ತಿನ್ನುತ್ತಾನೆ. ತರದಿದ್ದರೆ ಅದೂ ಇಲ್ಲ. ಹೀಗೇ ಆದರೆ ಇವನೂ ಉಳಿಯುವುದಿಲ್ಲ ಎನ್ನುತ್ತಾರೆ ಕೇರಿಯವರು. ಮೂರು ದಿನ ಹೋಗಿ ಬಂದೆ."

"ಹೋಗಿ ಏನು ಮಾಡಿದೆ?"

"ತಿಳಿಯ ಹೇಳಿದೆ. ದೇಹ ನಿಲ್ಲುವಂಥದ್ದಲ್ಲ ಎಂದೆ. ಎಷ್ಟು ಅತ್ತರೂ ಹೋದವಳು ಬರುವುದಿಲ್ಲ ಎಂದೆ. ಏಳು, ಬಿಟ್ಟುಬಿಡು ಎಂದೆ. ಮೊದಲ ದಿನ ಕೇಳಿಸಿಕೊಂಡ. ಎರಡನೆಯ ದಿನ ಮುಖ ತಿರುಗಿಸಿದ. ನಿನ್ನೆ ನನ್ನನ್ನು ದೂರದಿಂದ ನೋಡಿಯೇ ಬಾಗಿಲು ಹಾಕಿಕೊಂಡ. ನಾನು ಹೇಳಿದಷ್ಟೂ ಅವನು ಬಿಗಿಯಾಗುತ್ತಾನೆ. ನನ್ನ ಮಾತಿನಲ್ಲಿ ಸುಳ್ಳೇನಿತ್ತು?"

"ಸುಳ್ಳಿರಲಿಲ್ಲ" ಎಂದರು ಗುರುಗಳು. ದಾರವನ್ನು ಹಲ್ಲಿನಿಂದ ಕಚ್ಚಿ ತುಂಡು ಮಾಡಿದರು. ಸೂಜಿಯನ್ನು ಕಂಬಳಿಗೇ ಚುಚ್ಚಿ ಪಕ್ಕಕ್ಕಿಟ್ಟರು. "ಕೂತುಕೋ. ಒಬ್ಬ ಓಲೆಕಾರನಿದ್ದ."

ಚನ್ನವೀರ ಕೂತ. ಗುರುಗಳು ಹೇಳಿದರು.

ಓಲೆಕಾರನ ಕೆಲಸ ಓಲೆ ಹೊತ್ತು ಓಡುವುದು. ಒಂದು ಪೇಟೆಯಿಂದ ಇನ್ನೊಂದು ಪೇಟೆಗೆ. ನಡುವೆ ಒಂದು ಕಣಿವೆ, ಒಂದು ಹೊಳೆ. ಅವನ ಸೊಂಟಕ್ಕೆ ಅಗಲವಾದ ಚರ್ಮದ ಪಟ್ಟಿ. ಪಟ್ಟಿಯ ಎಡಕ್ಕೆ ಓಲೆಯ ಚೀಲ. ಬಲಕ್ಕೆ ಒರೆಯಲ್ಲಿ ಕತ್ತಿ. ಹಿಂದೆ ಊದುವ ಕೊಂಬು. ಎಲ್ಲವನ್ನೂ ಹಗ್ಗದಿಂದ ಗಂಟು ಹಾಕಿ ಕಟ್ಟಿಕೊಳ್ಳುತ್ತಿದ್ದ.

ಗಂಟು ಬೇಕೆಂದಾಗ ಬಿಚ್ಚುವುದಿಲ್ಲ. ಬೇಡವೆಂದಾಗ ಬಿಚ್ಚುತ್ತದೆ. ಊಟಕ್ಕೆ ಕೂರುವ ಮೊದಲು ಎಲ್ಲವನ್ನೂ ಬಿಚ್ಚಬೇಕು. ಬಿಚ್ಚುವುದರೊಳಗೆ ಸಾರು ಆರಿರುತ್ತಿತ್ತು. ಕೊನೆಗೆ ಬಿಚ್ಚುವುದನ್ನೇ ನಿಲ್ಲಿಸಿದ. ಕತ್ತಿ ಕಟ್ಟಿಕೊಂಡೇ ಉಂಡ. ಕತ್ತಿ ಕಟ್ಟಿಕೊಂಡೇ ಮಲಗಿದ.

"ಅಪ್ಪ ನನ್ನನ್ನು ಗಂಡನಿಗೆ ಕೊಟ್ಟನೋ, ಆಯುಧದ ಕೋಣೆಗೆ ಕೊಟ್ಟನೋ" ಎಂದಳು ಅವನ ಹೆಂಡತಿ.

ಒಂದು ದಿನ ಕಣಿವೆಯಲ್ಲಿ ಕಳ್ಳನೊಬ್ಬ ಅಡ್ಡ ಬಂದ. ಚೀಲಕ್ಕೆ ಕೈ ಹಾಕಿ ಎಳೆದ. ಗಂಟು ಜಾರಿತು. ಚೀಲ ಹೋಯಿತು. ಕತ್ತಿ ತೆಗೆಯೋಣವೆಂದರೆ ಹಿಡಿಗೂ ಸುತ್ತಿದ್ದ ಆ ಗಂಟು ಜಾರಲಿಲ್ಲ, ಒರೆ ತಿರುಗಿ ಹೊಟ್ಟೆಗೆ ಬಂತು.

ಪೇಟೆಯ ಅಧಿಕಾರಿ ಹೆಚ್ಚು ಮಾತಾಡಲಿಲ್ಲ. "ಇನ್ನೊಂದು ಸಲ ಚೀಲ ಹೋದರೆ ನೀನು ಈ ಕಡೆ ಬರಬೇಡ" ಎಂದ. ಓಲೆಕಾರನಿಗೆ ಬೇರೆ ಕೆಲಸ ಗೊತ್ತಿರಲಿಲ್ಲ. ಅವನ ಅಪ್ಪನೂ ಓಡಿದವನೇ.

ಓಲೆಕಾರ ಕಂಚುಗಾರನ ಮನೆಗೆ ಹೋದ.

"ನನಗೆ ಎರಡು ಬೇಕು" ಎಂದ. "ನನ್ನ ಕೈಗೆ ಥಟ್ಟನೆ ಬರಬೇಕು. ಕಳ್ಳನ ಕೈಗೆ ಬರಲೇಬಾರದು."

"ಕಳ್ಳ ಹೇಗೆ ತೆಗೆಯುತ್ತಾನೆ?"

"ಎಳೆಯುತ್ತಾನೆ. ಇನ್ನೇನು, ಕೈಮುಗಿದು ಕೇಳುತ್ತಾನಾ?"

ಕಂಚುಗಾರ ಪಟ್ಟಿಯನ್ನು ತಿರುಗಿಸಿ ನೋಡಿದ. "ಪಟ್ಟಿ, ಚೀಲ, ಒರೆ, ಕೊಂಬು ಎಲ್ಲ ಇಲ್ಲಿ ಬಿಟ್ಟು ಹೋಗು. ನಾಲ್ಕು ದಿನ ಕಳೆದು ಬಾ" ಎಂದ.

ನಾಲ್ಕು ದಿನ ಕಳೆದು ಹೋದಾಗ ಪಟ್ಟಿಗೆ ಮೂರು ಹಿತ್ತಾಳೆ ತಗಡು ಕೂರಿಸಿದ್ದ. ಒಂದೊಂದು ತಗಡಿಗೂ ಒಂದು ತೂತು. ತೂತು ಮೇಲೆ ಅಗಲ, ಕೆಳಗೆ ಕಿರಿದು. ಚೀಲದ ಬೆನ್ನಿಗೆ, ಒರೆಯ ಬೆನ್ನಿಗೆ, ಕೊಂಬಿನ ಬಾರಿಗೆ ಒಂದೊಂದು ಹಿತ್ತಾಳೆ ಗುಂಡಿ. ಗುಂಡಿಯನ್ನು ಅಗಲದಲ್ಲಿ ತೂರಿಸಿ ಕೈಬಿಟ್ಟರೆ ಸಾಕು. ತನ್ನ ಭಾರಕ್ಕೆ ತಾನೇ ಇಳಿದು ಕಿರಿದರಲ್ಲಿ ಕೂರುತ್ತಿತ್ತು.

"ಪಟ್ಟಿ ಕಟ್ಟಿಕೊಂಡು ಹುಷಾರಾಗಿ ನಿಂತುಕೋ" ಎಂದ ಕಂಚುಗಾರ. ಚೀಲ ಹಿಡಿದು, ಓಲೆಕಾರನ ತೊಡೆಗೆ ಕಾಲು ಕೊಟ್ಟು ಎಳೆದ. ಓಲೆಕಾರ ಬಂದ, ಚೀಲ ಬರಲಿಲ್ಲ. ಇಬ್ಬರೂ ನೆಲಕ್ಕೆ ಬಿದ್ದರು.

"ಎಷ್ಟು ಎಳೆದರೆ ಅಷ್ಟು ಕಚ್ಚುತ್ತದೆ" ಎಂದ ಕಂಚುಗಾರ, ಮಣ್ಣು ಕೊಡವಿಕೊಳ್ಳುತ್ತ. "ಈಗ ನೋಡು." ಚೀಲದ ತಳಕ್ಕೆ ಅಂಗೈ ಕೊಟ್ಟ. ಒಂದು ಬೆರಳಿನಷ್ಟು ಮೇಲೆತ್ತಿದ. ಚೀಲ ಸದ್ದಿಲ್ಲದೆ ಅವನ ಕೈಗೆ ಬಂತು.

ಓಲೆಕಾರ ತಾನೂ ಮಾಡಿ ನೋಡಿದ. ಹತ್ತು ಸಲ ಹಾಕಿದ. ಹತ್ತು ಸಲ ತೆಗೆದ. ಅವನ ಮುಖ ಅರಳಿತು. "ಇದನ್ನು ಯಾರಿಗೂ ಹೇಳಬೇಡ" ಎಂದ.

"ನಾನೇಕೆ ಹೇಳಲಿ. ಆದರೆ ನಿನ್ನ ಮನೆಯವರಿಗಾದರೂ ಹೇಳಿರು."

"ಹೇಳಿದ ಮೇಲೆ ಗುಟ್ಟೆಲ್ಲಿ ಉಳಿಯಿತು?" ಎಂದು ಓಲೆಕಾರ ಹೊರಟ.

ಮನೆಯಲ್ಲಿ ಅವನು ಗೋಡೆಯ ಕಡೆ ತಿರುಗಿ ನಿಂತು ಚೀಲ ತೆಗೆಯುತ್ತಿದ್ದ. ಬಿಸಿಯಾಗಿದ್ದಾಗಲೇ ಸಾರು ಉಣ್ಣುತ್ತಿದ್ದ. ಹೆಂಡತಿಗೆ ಅಷ್ಟೇ ಸಾಕಾಯಿತು. ಜಗಲಿಯಲ್ಲಿ ನೆರೆಯವರು ಪಂದ್ಯ ಕಟ್ಟಿ ಎಳೆದರು. ಯಾರ ಕೈಗೂ ಬರಲಿಲ್ಲ. ಕಣಿವೆಯ ಕಳ್ಳನೂ ಮತ್ತೆ ಬಂದ. ಎಳೆದ, ಜಗ್ಗಿದ, ಚೀಲಕ್ಕೆ ಜೋತುಬಿದ್ದ. ಅಷ್ಟರಲ್ಲಿ ಒರೆಸಹಿತ ಕತ್ತಿ ಓಲೆಕಾರನ ಕೈಯಲ್ಲಿತ್ತು. ಒರೆಯಿಂದಲೇ ಎರಡು ಬಾರಿಸಿದ. ಕಳ್ಳ ಮೆಟ್ಟು ಬಿಟ್ಟು ಓಡಿದ.

ಹೀಗೆ ಒಂದು ವರ್ಷ ಕಳೆಯಿತು. ಚೀಲ ಹೋಗಲಿಲ್ಲ. ಓಲೆಕಾರನಿಗೆ ಯಾರ ಹಂಗೂ ಇಲ್ಲವೆನ್ನಿಸಿತು.

ಮಳೆಗಾಲ ಮುಗಿದಿತ್ತು. ಹೊಳೆ ಇಳಿದಿತ್ತು. ನೀರು ಮೊಣಕಾಲಿಗೂ ಬರುತ್ತಿರಲಿಲ್ಲ. ಓಲೆಕಾರ ಮಳೆಗಾಲಕ್ಕೆ ಮೊದಲು ದಾಟುತ್ತಿದ್ದ ಜಾಗದಲ್ಲೇ ಹೊಳೆಗಿಳಿದ. ಆದರೆ ಮಳೆ ಆ ಜಾಗವನ್ನು ಮೊದಲಿನಂತೆ ಉಳಿಸಿರಲಿಲ್ಲ. ಆಚೆ ದಡದ ಹತ್ತಿರ ಹುದುಲು ಕಟ್ಟಿತ್ತು. ನೋಡಿದರೆ ಗಟ್ಟಿ ಮರಳು. ಕಾಲಿಟ್ಟರೆ ತಳವಿಲ್ಲ.

ಮೂರನೆಯ ಹೆಜ್ಜೆಗೆ ತೊಡೆಯವರೆಗೆ ಹೋದ. ಕಾಲು ಕೀಳಲು ನೋಡಿದ. ಸೊಂಟದವರೆಗೆ ಹೋದ. ಚೀಲದೊಳಗೆ ಕೆಸರು ತುಂಬಿತು. ಚೀಲ ಕಲ್ಲಿನಂತೆ ಎಡಕ್ಕೆ ಜಗ್ಗಿತು. ಅದನ್ನು ತೆಗೆಯೋಣವೆಂದು ತಳಕ್ಕೆ ಕೈ ಕೊಟ್ಟು ಎತ್ತಿದ. ಎತ್ತಬೇಕಾದರೆ ಕಾಲು ಊರಬೇಕು. ಊರಲು ನೆಲವಿಲ್ಲ. ಚೀಲ ಮೇಲೆ ಬರಲಿಲ್ಲ, ಅವನೇ ಕೆಳಗೆ ಹೋದ. ಎರಡನೆಯ ಸಲ ಎತ್ತಲು ಅವನಿಗೆ ಧೈರ್ಯ ಬರಲಿಲ್ಲ.

ಕೂಗಿದ. ದಡದ ಮೇಲೆ ಮೂರು ಗಾಡಿ ಹೋಗುತ್ತಿದ್ದವು. ಗಾಡಿಯವರು ಓಡಿ ಬಂದರು. ಗಾಡಿಯ ಹಲಗೆ ಕಿತ್ತು ಹುದುಲಿನ ಮೇಲೆ ಹಾಸಿದರು. ಅದರ ಮೇಲೆ ತೆವಳಿ ಬಂದು ಅವನ ಎರಡೂ ಕೈ ಹಿಡಿದು ಎಳೆದರು. ಬರಲಿಲ್ಲ.

"ಸೊಂಟದಲ್ಲಿ ಏನೋ ಭಾರ ಇದೆ ಕಣೋ. ಲಂಗರು ಹಾಕಿದ ಹಾಗಿದ್ದಾನೆ" ಎಂದ ಒಬ್ಬ. ಕೆಸರಿನೊಳಗೆ ಕೈ ಹಾಕಿ ಚೀಲ ಹಿಡಿದು ಜಗ್ಗಿದ. ಗುಂಡಿ ಇನ್ನಷ್ಟು ಕಚ್ಚಿತು. ಇನ್ನೊಬ್ಬನೂ ಸೇರಿ ಜಗ್ಗಿದ. ಓಲೆಕಾರ ಒಂದು ಗೇಣು ಒಳಕ್ಕೆ ಹೋದ.

"ಪಟ್ಟಿ ಕೊಯ್ದುಬಿಡೋಣ" ಎಂದ ಮೂರನೆಯವನು.

"ಕೆಸರಿನೊಳಗೆ ಕುರುಡಾಗಿ ಕತ್ತಿ ಹಾಕಿದರೆ ಪಟ್ಟಿಗೆ ಬೀಳುತ್ತೋ ಹೊಟ್ಟೆಗೆ ಬೀಳುತ್ತೋ. ಸುಮ್ಮನಿರು" ಎಂದ ಮೊದಲನೆಯವನು.

ಇಲ್ಲಿ ಚನ್ನವೀರ ತಡೆಯಲಾರದೆ ನಡುವೆ ಮಾತಾಡಿದ. "ಅವನು ಹೇಳಬಾರದಿತ್ತೇ, ಗುರುಗಳೇ? ಎಳೆಯಬೇಡಿ, ಎತ್ತಿ ಎಂದರೆ ಮುಗಿಯಿತು. ಎರಡು ಮಾತು."

"ಹೌದು, ಎರಡೇ ಮಾತು. ಹೇಳಲಿಲ್ಲ."

"ಯಾಕೆ?"

"ಬಂದವರು ಯಾರೋ ಏನೋ. ಚೀಲ ಕೈಗೆ ಸಿಕ್ಕ ಮೇಲೆ ತನ್ನನ್ನು ಬಿಟ್ಟು ಹೋದರೆ? ವರ್ಷವಿಡೀ ಬಾಯಿ ಮುಚ್ಚಿಕೊಂಡಿದ್ದವನು. ಮುಚ್ಚಿಯೇ ಅಭ್ಯಾಸ. 'ಚೀಲ ಮುಟ್ಟಬೇಡಿ, ನನ್ನನ್ನು ಎಳೆಯಿರಿ' ಎಂದ. ಆಮೇಲೆ ಕೆಸರು ಎದೆಗೆ ಬಂತು. ಎದೆ ಅಮುಕಿತು. ಈಗ ಹೇಳಬೇಕೆಂದುಕೊಂಡ. ಉಸಿರಿಗೆ ಸಾಲುವಷ್ಟು ಗಾಳಿ ಇತ್ತು, ಮಾತಿಗೆ ಇರಲಿಲ್ಲ."

ಗುರುಗಳು ಮುಂದುವರಿಸಿದರು.

ಆ ಹೊತ್ತಿಗೆ ಒಬ್ಬ ಸೂಲಗಿತ್ತಿ ಆ ದಾರಿಯಲ್ಲಿ ಬಂದಳು. ಆಚೆ ಊರಿನಲ್ಲಿ ಹೆರಿಗೆ ಮಾಡಿಸಿ ಮನೆಗೆ ಹೊರಟವಳು. ವಯಸ್ಸಾದ ಹೆಂಗಸು. ಗಾಡಿಯವರು ಜಗ್ಗುವುದನ್ನು ನೋಡಿ ದಡದಿಂದಲೇ ಬೈದಳು.

"ಎಳೀಬೇಡ್ರೋ! ಏನು ಹಗ್ಗ ಜಗ್ಗೋ ಆಟ ಅಂದ್ಕೊಂಡ್ರಾ? ಸರೀರಿ ಆ ಕಡೆ."

"ಇದು ನಿನ್ನ ಕೆಲಸ ಅಲ್ಲ, ಅಜ್ಜಿ."

"ನಲವತ್ತು ವರ್ಷ ಇದೇ ಕೆಲಸ ಮಾಡಿದ್ದೀನಿ. ಒಂದು ಜೀವಾನೂ ಎಳೆದು ಈಚೆ ತಂದಿಲ್ಲ. ಆ ಕಡೆ ಸರಿ ಅಂದ್ರೆ ಸರಿ."

ಹಲಗೆಯ ಮೇಲೆ ಹೊಟ್ಟೆ ಅಡಿಯಾಗಿ ಮಲಗಿದಳು. ಮೊದಲು ಅವನ ಮುಖಕ್ಕೆ ಹತ್ತಿದ ಕೆಸರು ಒರೆಸಿದಳು. "ನಾನಿದ್ದೀನಿ. ಮೆಲ್ಲಗೆ ಉಸಿರಾಡು" ಎಂದಳು. ಆಮೇಲೆ ಕೈಯನ್ನು ಅವನ ಪಕ್ಕೆಯ ಗುಂಟ ಕೆಸರಿನೊಳಗೆ ಇಳಿಸಿದಳು. ಭುಜದವರೆಗೆ ಇಳಿಸಿದಳು. ಅವಳ ಕೆನ್ನೆ ಕೆಸರಿಗೆ ತಾಗಿತು. ಚೀಲ ಕೈಗೆ ಸಿಕ್ಕಿತು. ಅವಳು ಅದನ್ನು ಹಿಡಿದೆಳೆಯಲಿಲ್ಲ. ತಳ ಎಲ್ಲಿದೆ ಎಂದು ತಡವಿದಳು.

"ಅಯ್ಯೋ ಮಗನೇ, ಇಷ್ಟು ಭಾರ ಕಟ್ಟಿಕೊಂಡಿದ್ದೀಯಲ್ಲೋ" ಎಂದಳು. "ತಾಳು. ಸ್ವಲ್ಪ ಹೊತ್ತು ನಾನು ಹಿಡ್ಕೋತೀನಿ. ನೀನು ಉಸಿರು ತಗೋ."

ಚೀಲದ ಕೆಳಗೆ ಮುಂಗೈ ಕೊಟ್ಟಳು. ಅವಳಿಗೆ ಹಿತ್ತಾಳೆ ತಗಡು ಗೊತ್ತಿಲ್ಲ. ಗುಂಡಿ ಗೊತ್ತಿಲ್ಲ. ಅವನಿಗೆ ಒಂದು ಉಸಿರಿನಷ್ಟು ಹಗುರವಾಗಲಿ ಎಂದು ಭಾರವನ್ನು ತನ್ನ ಕೈಮೇಲೆ ತೆಗೆದುಕೊಂಡಳು, ಅಷ್ಟೆ. ಒಂದು ಬೆರಳಿನಷ್ಟು ಮೇಲೆದ್ದಿರಬೇಕು.

ಚೀಲ ಅವಳ ಕೈಗೆ ಬಂತು.

"ಏಯ್, ಇದೇನು ಬಿಟ್ಟೇ ಬಂತಲ್ಲ!" ಎಂದು ಅವಳೇ ಹೆದರಿದಳು.

ಗಾಡಿಯವರು ಅವನ ಕಂಕುಳಿಗೆ ಕೈ ಹಾಕಿದರು. ಈಗ ಅವನು ನಿಧಾನವಾಗಿ ಬಂದ. ಎದೆ ಬಂತು, ಸೊಂಟ ಬಂತು, ಕಾಲು ಬಂತು. ಹಿಂದಿನಿಂದ ಚೀಲವನ್ನು ಅಪ್ಪಿಕೊಂಡು ಸೂಲಗಿತ್ತಿ ತೆವಳಿದಳು.

ದಡದಲ್ಲಿ ಅವನನ್ನು ಮಲಗಿಸಿದರು. ಅವನು ಕಣ್ಣು ಬಿಟ್ಟು ಮೊದಲು ಕೇಳಿದ್ದು, "ಗುಟ್ಟು ನಿನಗೆ ಯಾರು ಹೇಳಿದರು?"

"ಯಾವ ಗುಟ್ಟು?" ಎಂದಳು ಅವಳು. "ಭಾರ ಇತ್ತು. ಹಿಡಿದೆ."

ಓಲೆಕಾರ ಅವಳನ್ನು ನೋಡಿದ. ಗಾಡಿಯವರನ್ನು ನೋಡಿದ. ಚೀಲ ಅವಳ ಮಡಿಲಲ್ಲಿತ್ತು. ಯಾರೂ ಅದನ್ನು ತೆಗೆದುಕೊಂಡು ಓಡಿರಲಿಲ್ಲ. ಅವನಿಗೆ ಅಳು ಬಂತು. ಗಾಡಿಯವರ ಎದುರಿಗೆ ನಾಚಿಕೆಯಾಗಿ ಹಲ್ಲು ಕಚ್ಚಿ ಹಿಡಿದ.

"ಅಳಪ್ಪ, ಅಳು" ಎಂದಳು ಸೂಲಗಿತ್ತಿ, ಸೆರಗಿನಿಂದ ಅವನ ಕಿವಿಯ ಕೆಸರು ತೆಗೆಯುತ್ತ. "ನನ್ನ ಕೈಗೆ ಬಂದವರು ಅತ್ತರೇ ನನಗೆ ಸಮಾಧಾನ. ಅಳದೆ ಇದ್ದರೆ ಭಯ. ಇಷ್ಟು ವರ್ಷಕ್ಕೆ ಮೀಸೆ ಹೊತ್ತು ಬಂದವನು ನೀನೊಬ್ಬನೇ, ಅದಕ್ಕೇನಂತೆ."

ಗಾಡಿಯವರು ನಕ್ಕರು. ಓಲೆಕಾರನೂ ನಕ್ಕ. ನಗುತ್ತಲೇ ಅತ್ತ. ತುಂಬ ಹೊತ್ತು ಅತ್ತ. ಯಾರೂ ಅವಸರ ಮಾಡಲಿಲ್ಲ.

ಆಮೇಲೆ ಹೊಳೆಯಲ್ಲಿ ಮೈ ತೊಳೆದುಕೊಂಡ. ಓಲೆಗಳನ್ನು ಗಾಡಿಯ ಹಲಗೆಯ ಮೇಲೆ ಬಿಸಿಲಿಗೆ ಹರಡಿದರು. ಎರಡು ಮೂರು ಬಿಟ್ಟರೆ ಉಳಿದವೆಲ್ಲ ಓದುವಂತೆ ಇದ್ದವು. ಅವು ಒಣಗುವವರೆಗೆ ಗಾಡಿಯವರು ತಮ್ಮ ಬುತ್ತಿ ಬಿಚ್ಚಿದರು. ಐವರೂ ಉಂಡರು. ಓಲೆಕಾರ ಪಟ್ಟಿಯನ್ನು ತೋರಿಸಿ, ಗುಂಡಿ ಹೇಗೆ ಕೂರುತ್ತದೆ, ಹೇಗೆ ಏಳುತ್ತದೆ ಎಂದು ಅವರಿಗೆ ಹೇಳಿದ. ಅವರೂ ಹಾಕಿ ತೆಗೆದು ನೋಡಿದರು. ಹೊತ್ತು ಮುಳುಗುವ ಮೊದಲೇ ಪೇಟೆ ಸೇರಿದ.

ಗುರುಗಳು ಕತೆ ನಿಲ್ಲಿಸಿದರು.

ಚನ್ನವೀರ ಎದ್ದು ನಿಂತ. "ಈಗಲೇ ಹೋಗುತ್ತೇನೆ, ಗುರುಗಳೇ. ಇನ್ನು ಎಳೆಯುವುದಿಲ್ಲ. ಆದರೆ ಒಂದು ತಿಳಿಯಲಿಲ್ಲ. ಚೀಲವಾದರೆ ತಳಕ್ಕೆ ಕೈ ಕೊಡಬಹುದು. ರಾಚಪ್ಪನ ಭಾರಕ್ಕೆ ಎಲ್ಲಿ ಕೈ ಕೊಡಲಿ?"

ಗುರುಗಳು ಕೇಳಿದರು: "ಮೂರು ದಿನ ಹೋಗಿ ಬಂದೆಯಲ್ಲ, ತೀರಿಕೊಂಡ ಅವನ ಹೆಂಡತಿಯ ಹೆಸರೇನು?"

ಚನ್ನವೀರನಿಗೆ ಗೊತ್ತಿರಲಿಲ್ಲ. ಮೂರು ದಿನದಲ್ಲಿ ಅವನು ರಾಚಪ್ಪನನ್ನು ಒಂದು ಮಾತೂ ಕೇಳಿರಲಿಲ್ಲ.