ಗವಿರಂಗ ಪರದೇಶದವರನ್ನು ಎದುರುಗೊಂಡದ್ದು

ಕೇಳಿ ಇವನ ಪ್ರತಾಪ. ವಿಶ್ವವಿದ್ಯಾನಿಲಯದ ಹಿಂದಿನ ಬೀದಿಯಲ್ಲಿ ಚೆಲುವಮ್ಮ ಅಂತ ಒಬ್ಬ ತಾಯಿ, ಅವಳಿಗೆ ಗವಿರಂಗ ಅಂತ ಒಬ್ಬನೇ ಮಗ. ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು. ಇಂಥ ಪೆದ್ದ ಎಂ.ಎ.ವರೆಗೆ ಹೇಗೆ ಬಂದ ಅಂತೀರಾ? ಪುಸ್ತಕದಲ್ಲಿದ್ದದ್ದನ್ನು ಇದ್ದ ಹಾಗೇ ಬರೆದು ಬಂದ. ನಮ್ಮ ಪರೀಕ್ಷೆಗೆ ಅಷ್ಟು ಸಾಕು.

ಆ ವರ್ಷ ಪರದೇಶದಿಂದ ಬರುವ ಹೊಸ ವಿದ್ಯಾರ್ಥಿಗಳನ್ನು ಬರಮಾಡಿಕೊಳ್ಳಲು ವಿದ್ಯಾರ್ಥಿ ನಾಯಕರು ಬೇಕು, ಮನಸ್ಸಿದ್ದವರು ಕೈ ಎತ್ತಿ ಅಂದರು. ಗವಿರಂಗ ಎತ್ತಿದ. ಇಳಿಸು ಅಂತ ಯಾರೂ ಹೇಳಲಿಲ್ಲ, ಮನೆ ಮುಟ್ಟುವವರೆಗೂ ಇಳಿಸಲಿಲ್ಲ. ಯಾವುದಕ್ಕೂ ಯಾರೂ ಆರಿಸದ ಮಗ ನಾಯಕನಾದ ಅಂತ ಚೆಲುವಮ್ಮ ಬೀದಿಗೆಲ್ಲ ಸಕ್ಕರೆ ಹಂಚಿದಳು.

ಮೊದಲ ದಿನ ಕಚೇರಿಯ ಇಂದ್ರಾಣಿ ಮೇಡಂ ಹೇಳಿದರು, "ಟಾಂಜಾನಿಯಾದ ನೀಮಾ ರೈಲಿಗೆ ಬರ್ತಾಳೆ. ಅವಳ ಪೆಟ್ಟಿಗೆ ಹೊತ್ಕೊಂಡು ಹಾಸ್ಟೆಲ್ಲಿಗೆ ಬಾ."

ಗವಿರಂಗ ಪೆಟ್ಟಿಗೆ ಹೊತ್ತುಕೊಂಡು ಹಾಸ್ಟೆಲ್ಲಿಗೆ ಬಂದ. ನೀಮಾ ಸ್ಟೇಷನ್ನಿನಲ್ಲೇ ಉಳಿದಳು.

"ಅಯ್ಯೋ ಮಂಕೇ," ಅಂದಳು ಚೆಲುವಮ್ಮ. "ಪೆಟ್ಟಿಗೆಗಿಂತ ಮನುಷ್ಯರು ಮುಖ್ಯ ಕಣೋ. ಜೊತೆಗೇ ಇರು. ಅವಳಿಗೆ ಏನೇನಾಗುತ್ತೋ ಎಲ್ಲದರಲ್ಲೂ ಜೊತೆಗಿರು."

"ಆಗಲಮ್ಮ."

ಮಾರನೇ ದಿನ ಹೊಸಬರಿಗೆ ವೈದ್ಯರ ತಪಾಸಣೆ. ಡಾಕ್ಟರು ನಾಲಗೆ ಚಾಚು ಅಂದರು. ನೀಮಾ ಚಾಚಿದಳು, ಗವಿರಂಗನೂ ಚಾಚಿದ. ಅವಳಿಗೆ ಸೂಜಿ ಚುಚ್ಚಿದರು, ಇವನೂ ತೋಳು ಮಡಿಸಿ ಚುಚ್ಚಿಸಿಕೊಂಡ. ಸಂಜೆಗೆ ಇಬ್ಬರಿಗೂ ಜ್ವರ.

"ನಿನ್ನನ್ನ ಕಟ್ಕೊಂಡು ಏನ್ ಮಾಡ್ಲೋ," ಅಂದಳು ತಾಯಿ. "ಬಂದವರಿಗೆ ಬೇಕಾದ್ದು ಕೊಡಬೇಕು. ಸಾಕು ಅಂತಾರೆ, ಅದು ಸಂಕೋಚ. ಸಾಕು ಅಂದರೂ ಬಿಡಬೇಡ, ಇನ್ನಷ್ಟು ಹಾಕು."

"ಆಗಲಮ್ಮ."

ಮೂರನೇ ದಿನ ನೀಮಾ ಚಳಿ ಅಂದಳು. ಗವಿರಂಗ ಹಾಸ್ಟೆಲ್ಲಿನ ಬಾಗಿಲಿಗೆ ಕಂಬಳಿ ತಂದುಕೊಟ್ಟ. ಸಾಕು ಅಂದಳು. ಇನ್ನೊಂದು ತಂದ. ಸಾಕು ಸಾಕು ಅಂದಳು. ಪಾಪ, ಎಷ್ಟು ಸಂಕೋಚ ಅಂದುಕೊಂಡು ಇಡೀ ಹಾಸ್ಟೆಲ್ಲಿನ ಕಂಬಳಿ ತಂದು ರಾಶಿ ಹಾಕಿದ. ಆ ರಾತ್ರಿ ಉಳಿದವರೆಲ್ಲ ನಡುಗಿದರು, ನೀಮಾಗೆ ಶಾಪ ಹಾಕಿದರು.

ಬೆಳಗ್ಗೆ ಹುಡುಗಿ ಕಚೇರಿಯಲ್ಲಿ ಅಳುತ್ತ ಕೂತಳು. ಇಲ್ಲಿನ ಊಟ ಗಂಟಲಲ್ಲಿ ಇಳಿಯಲ್ಲ, ಯಾರೂ ನನ್ನವರಲ್ಲ, ಶನಿವಾರವೇ ಊರಿಗೆ ಹೋಗ್ತೀನಿ ಅಂದಳು.

ಮೇಡಂ ಗವಿರಂಗನನ್ನು ಕರೆದರು. "ಅವಳು ಹೋದರೆ ನಿನ್ನ ನಾಯಕತನವೂ ಹೋಯ್ತು. ನಾಳೆ ಕುಲಪತಿಗಳ ಸ್ವಾಗತ ಸಭೆ. ಹೊಸಬರನ್ನೆಲ್ಲ ಬಸ್ಸಲ್ಲಿ ಸರಿಯಾಗಿ ಕರ್ಕೊಂಡು ಬಾ."

ಗವಿರಂಗ ಮನೆಗೆ ಬಂದು ಮೊದಲ ಸಲ ಅತ್ತ. ಚೆಲುವಮ್ಮ ಸೆರಗಲ್ಲಿ ಅವನ ಕಣ್ಣೊರೆಸಿದಳು. "ಅಳಬೇಡ ಮಗ. ನಿನ್ನ ಒಡಹುಟ್ಟಿದ ಅಕ್ಕ ದೂರದೂರಿಂದ ಬಸ್ಸಲ್ಲಿ ಬಂದಿದ್ದರೆ ಏನ್ ಮಾಡ್ತಿದ್ದೆ? ಅದನ್ನೇ ಮಾಡು."

"ಆಗಲಮ್ಮ."

ಮರುದಿನ ಸಭಾಂಗಣದಲ್ಲಿ ಕುಲಪತಿಗಳು ಖಾಲಿ ಕುರ್ಚಿಗಳ ಮುಂದೆ ಕೂತಿದ್ದರು. ಬಸ್ಸು ಚೆಲುವಮ್ಮನ ಬಾಗಿಲಲ್ಲಿ ನಿಂತಿತ್ತು. ಮೂವತ್ತೆರಡು ಜನ. ಚೆಲುವಮ್ಮ ಹಣೆ ಚಚ್ಚಿಕೊಂಡಳು, ಮಗನಿಗೆ ಬೈದಳು, ಬೈಯುತ್ತಲೇ ಬಂದವರ ಕಾಲಿಗೆ ನೀರು ಕೊಟ್ಟಳು. ಅಕ್ಕಪಕ್ಕದ ಮನೆಯ ರಾಗಿ ಹಿಟ್ಟೆಲ್ಲ ಬಂತು. ಮುದ್ದೆ ತಟ್ಟೆಗೆ ಬಿತ್ತು.

"ಅಗೀಬೇಡಿ, ನುಂಗಿ," ಅಂತ ಚೆಲುವಮ್ಮ ಅಭಿನಯ ಮಾಡಿ ತೋರಿಸಿದಳು. ಹುಡುಗರು ಕೆಮ್ಮಿದರು, ನಕ್ಕರು, ನುಂಗಿದರು. ನೀಮಾ ಮಾತ್ರ ಕೇಳಿಸಿಕೊಳ್ಳಲೂ ಇಲ್ಲ. ಮುದ್ದೆ ಮುರಿದಳು, ಉಂಡೆ ಕಟ್ಟಿದಳು, ಹೆಬ್ಬೆರಳಲ್ಲಿ ಕುಳಿ ಮಾಡಿ ಸಾರಲ್ಲಿ ಅದ್ದಿದಳು. ಅವರ ಊರಲ್ಲೂ ಮುಸುಕಿನ ಜೋಳದ ಹಿಟ್ಟಿನ ಮುದ್ದೆಯಂತೆ. ಎರಡನೆಯದು ತಾನೇ ಕೇಳಿದಳು. ನಾಲ್ಕು ದಿನದ ಹಸಿವು ತೀರಿತು. ಚೆಲುವಮ್ಮನ ಸೆರಗಿಗೆ ಮುಖ ಒತ್ತಿಕೊಂಡು ಅತ್ತಳು, ಆಮೇಲೆ ನಕ್ಕಳು.

ಕುಲಪತಿಗಳು ಇಂದ್ರಾಣಿ ಮೇಡಂ ಜೊತೆ ಕೆಂಡವಾಗಿ ಬಂದರು. ಬೀದಿ ತುಂಬ ನಗು ಕಂಡರು, ಕೋಪ ಇಳಿಯಿತು. ಜಗುಲಿ ಮೇಲೆ ನಿಂತೇ ಭಾಷಣ ಮಾಡಿದರು. "ಇಂಥ ಸ್ವಾಗತ ನನ್ನ ಕಾಲದಲ್ಲಿ ಆಗಿರಲಿಲ್ಲ. ಮುಂದಿನ ವರ್ಷವೂ ಗವಿರಂಗನೇ ನಾಯಕ." ಮೂವತ್ತೆರಡು ಜನ ಅವನನ್ನು ಎತ್ತಿ ಕುಣಿಸಿದರು. ಚೆಲುವಮ್ಮನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಹೊರಡುವಾಗ ಇಂದ್ರಾಣಿ ಮೇಡಂ ಬೆನ್ನು ತಟ್ಟಿದರು. "ಕತ್ತಲಾಯ್ತು. ಇವರೆಲ್ಲ ಎಲ್ಲೆಲ್ಲಿಂದ ಬಂದ್ರೋ ಅಲ್ಲಿಗೇ ಜೋಪಾನವಾಗಿ ತಲುಪಿಸಪ್ಪ, ನಾಯಕ."

ಗವಿರಂಗ ಎದೆ ಉಬ್ಬಿಸಿಕೊಂಡು ಬಸ್ಸು ಹತ್ತಿದ, ಹೊಸಬರ ಪಟ್ಟಿ ತೆಗೆದು ಅವರವರ ಊರುಗಳನ್ನು ಓದಿಕೊಂಡ. "ಡ್ರೈವರಣ್ಣ, ಮೊದಲು ಟಾಂಜಾನಿಯಾಕ್ಕೆ ಬಿಡು. ನೀಮಾ ಅಲ್ಲಿಳೀತಾಳೆ."

"ನಾನು ಇಳಿಯಲ್ಲ," ಅಂದಳು ನೀಮಾ ಹಿಂದಿನ ಸೀಟಿನಿಂದ.

"ಹಾಗಾದರೆ ಸೀದಾ ನೇಪಾಳಕ್ಕೆ ನಡಿ," ಅಂದ ಗವಿರಂಗ.